ಶಿರಸಿ ಸೀಮೆಯ ಕಿರಿಯ ಶಾಲೆ: ಪಾಠಕ್ಕೆ ಮೆಚ್ಚುಗೆ, ಅನುದಾನದ ಲೆಕ್ಕಕ್ಕೆ ತಕರಾರು

ಶಿರಸಿ ತಾಲ್ಲೂಕಿನ ಘಟ್ಟದಂಚಿನಲ್ಲಿರುವ ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಮಗುವನ್ನು ಸೇರಿಸಬಹುದೇ ಎಂದು ಕೇಳುವವರಿಗೆ, ಪಾಲಕನಾಗಿ ಹತ್ತಿರದಿಂದ ಕಂಡ ನಾನು ಧಾರಾಳವಾಗಿ ಸೇರಿಸಿ ಎಂದೇ ಹೇಳುತ್ತೇನೆ.

ಇಲ್ಲಿ ಮೂರನೇ ತರಗತಿಯವರೆಗೆ, ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿ, ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ಒಟ್ಟಿಗೆ ನಡೆಸಬೇಕಾದ ಶಾಲೆಗೆ ಹೇಳಿ ಮಾಡಿಸಿದಂತಿದೆ. ಮಗು ತಾನು ಯಾವ ಮೈಲಿಗಲ್ಲಿನಲ್ಲಿದ್ದೇನೆಂದು, ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ನೋಡಿಕೊಂಡು, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಕೂರುತ್ತದೆ. ಜ್ವರವೆಂದು ರಜೆಯಲ್ಲಿದ್ದ ಮಗುವೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಮಳೆಗಾಲದ ತಂಡಿಗೆ ಪದರ ಬಿಚ್ಚಿಕೊಂಡ ಕಾರ್ಡುಗಳಿಗೆ ಬದಲಿ ಬಾರದಿದ್ದರೆ ಏಣಿಯಲ್ಲಿ ಮೆಟ್ಟಿಲೇ ತಪ್ಪುತ್ತದೆ. ಈಗ ಹಲವು ಕಾರ್ಡುಗಳು ಶಿಕ್ಷಕಿ ರಟ್ಟಿನ ಮೇಲೆ ಕೈಯಾರೆ ಬರೆದವು.

ಕೊರತೆಯ ಮೂಲ ಅನುದಾನದ ಲೆಕ್ಕದಲ್ಲಿದೆ. ಸಮಗ್ರ ಶಿಕ್ಷಾ ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಅದರಲ್ಲೂ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಮೀಸಲು. ಬಿಸಿಯೂಟಕ್ಕೆ ತಲೆಲೆಕ್ಕ ಸರಿಯೇ, ಏಕೆಂದರೆ ಮಕ್ಕಳು ಕಡಿಮೆಯಾದರೆ ಅಕ್ಕಿಯೂ ಕಡಿಮೆ ಸಾಕು. ಹಂಚಿನ ಮಾಡಿಗೆ ಈ ಲೆಕ್ಕ ಹೊಂದುವುದಿಲ್ಲ. ಇಪ್ಪತ್ತು ಮಕ್ಕಳಿದ್ದರೂ ಐವತ್ತು ಮಕ್ಕಳಿದ್ದರೂ ಘಟ್ಟದ ಮಳೆ ಅಷ್ಟೇ ಸುರಿಯುತ್ತದೆ, ರೀಪಿಗೆ ಗೆದ್ದಲು ಅಷ್ಟೇ ಹತ್ತುತ್ತದೆ, ಪ್ರತಿವರ್ಷ ಹಂಚು ಕೈಯಾಡಿಸುವವರ ಕೂಲಿಯೂ ಅಷ್ಟೇ ಆಗುತ್ತದೆ. ಇನ್ನೂ ಬೇಸರದ ಸಂಗತಿಯೆಂದರೆ, 31 ಮಕ್ಕಳಿದ್ದ ಶಾಲೆಯಿಂದ ಒಂದು ಮಗು ಟಿ.ಸಿ. ಪಡೆದು ಪೇಟೆಯ ಶಾಲೆಯ ವ್ಯಾನು ಹತ್ತಿದರೆ ಅನುದಾನದಲ್ಲಿ 15,000 ರೂಪಾಯಿ ಕಡಿತವಾಗುತ್ತದೆ. ಸೋರುವ ಕೋಣೆಯನ್ನು ಕಂಡು ಮತ್ತೊಬ್ಬ ಪಾಲಕರು ಹಿಂದೆಗೆಯುತ್ತಾರೆ. ಬಳಿಕ ಮಕ್ಕಳೇ ಇಲ್ಲವೆಂಬುದು ಶಾಲೆಯ ದೋಷವಾಗಿ ದಾಖಲಾಗುತ್ತದೆ.

ಹಣ ಬರುವ ಕಾಲವೂ ಮುಖ್ಯ. ಮಾಡಿನ ಕೆಲಸ ಏಪ್ರಿಲ್, ಮೇ ತಿಂಗಳಲ್ಲೇ ಮುಗಿಯಬೇಕು. ನಮ್ಮಲ್ಲಿ ಹಣ ಮಳೆಗಾಲ ಕಳೆದ ಮೇಲೆ ಖಾತೆಗೆ ಬಿದ್ದು, ಮಾರ್ಚ್ ಒಳಗೆ ಖರ್ಚು ತೋರಿಸುವ ಅವಸರದಲ್ಲಿ ತೀರಿಹೋದದ್ದುಂಟು. ಅಲ್ಲಿಯವರೆಗೆ ಊರವರ ದೇಣಿಗೆಯೇ ಆಧಾರ. ಅಡಿಕೆ ಧಾರಣೆ ಇಳಿದ ವರ್ಷ ಆ ದೇಣಿಗೆಯೂ ಇಳಿಯುತ್ತದೆ.

ಮಲೆನಾಡಿನ ಸಣ್ಣ ಶಾಲೆಗಳಿಗೆ ಕಟ್ಟಡದ ನಿರ್ವಹಣೆಯ ಮೊತ್ತವನ್ನು ದಾಖಲಾತಿಯಿಂದ ಬೇರ್ಪಡಿಸಿ, ಬೇಸಿಗೆ ರಜೆಗೆ ಮುನ್ನವೇ ಕೊಡಬೇಕು. ಸೇರಿಸುವ ಪಾಲಕರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತಪ್ಪದೆ ಬಂದು, ಅನುದಾನ ಯಾವ ತಿಂಗಳು ಬಂತು ಎಂಬುದನ್ನು ನಡಾವಳಿಯಲ್ಲಿ ಬರೆಸಬೇಕೆಂದು ಕೋರುತ್ತೇನೆ.