ಧಾರವಾಡದ ಲ್ಯಾಬಿನಲ್ಲಿ ಪಲ್ಲಾಡಿಯಂ: ಯಾವ ಬಾಟಲಿ ದುಡ್ಡಿಗೆ ತಕ್ಕದ್ದು?

ಪಲ್ಲಾಡಿಯಂ ಲೋಹದ ಕ್ಯಾಟಲಿಸ್ಟ್, ಅಂದರೆ ರಿಯಾಕ್ಷನ್ ಬೇಗ ನಡೆಸುವ ವಸ್ತು, ಕೊಳ್ಳುವಾಗ ಎಲ್ಲರೂ ಗ್ರಾಂಗೆ ಎಷ್ಟು ರೇಟು ಅಂತ ಕೇಳುತ್ತಾರೆ. ಆ ಲೆಕ್ಕ ನಂಬಬೇಡಿ. ಒಳಗೆ ಲೋಹ ಎಷ್ಟಿದೆ, ನಮ್ಮ ಶೆಲ್ಫಿನಲ್ಲಿ ಅದು ಎಷ್ಟು ದಿನ ಬಾಳುತ್ತದೆ, ಇವೆರಡನ್ನು ನೋಡಿ. ಧಾರವಾಡದ ಒಂದು ಸಣ್ಣ ಸಿಂಥೆಸಿಸ್ ಲ್ಯಾಬಿನಲ್ಲಿ ವರ್ಷಗಟ್ಟಲೆ ಮೂರು ಬಗೆ ಬಳಸಿದ್ದೇನೆ: ನಾವು ಪಿಡಿ-ಸಿ ಅನ್ನುವ 10% ಪಲ್ಲಾಡಿಯಂ ಹೊತ್ತ ಕಾರ್ಬನ್ ಪುಡಿ, ಪಲ್ಲಾಡಿಯಂ ಅಸಿಟೇಟ್, ಮತ್ತು ಟೆಟ್ರಾಕಿಸ್, ಅಂದರೆ ನಾಲ್ಕು ಟ್ರೈಫಿನೈಲ್ ಫಾಸ್ಫೀನ್ ಅಂಟಿದ ಪಲ್ಲಾಡಿಯಂ.

ಪಿಡಿ-ಸಿ ಇಲ್ಲದ ಲ್ಯಾಬ್ ನನಗೆ ಊಹಿಸಲಿಕ್ಕೂ ಆಗುವುದಿಲ್ಲ. ನೈಟ್ರೋವನ್ನು ಅಮೀನ್ ಮಾಡಬೇಕು, ಬೆಂಝೈಲ್ ಗುಂಪು ಕಳಚಬೇಕು, ಅಮೀನ್ ಕಾಯುವ ಸಿಬಿಝಡ್ ಗುಂಪು ತೆಗೆಯಬೇಕು, ಎಲ್ಲಕ್ಕೂ ಇದೇ. ಹೈಡ್ರೋಜನ್ ಬಲೂನ್ ಕಟ್ಟಿ ರಾತ್ರಿಯಿಡೀ ತಿರುಗಲು ಬಿಟ್ಟರೆ ಬೆಳಗ್ಗೆ, ರಿಯಾಕ್ಷನ್ ಮುಗಿಯಿತೇ ಅಂತ ನೋಡುವ ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ. ಕೆಮಿಸ್ಟ್ರಿಯಷ್ಟೇ ಕಲಕುವ ಮಷಿನ್ನಿನ ಕರೆಂಟೂ ಮುಖ್ಯ ಅನ್ನಿ. ಇದು ಕರಗದ ಪುಡಿ. ಕಲಕುವುದು ನಿಂತರೆ ಪುಡಿ ತಳಕ್ಕೆ ಕೂರುತ್ತದೆ, ರಿಯಾಕ್ಷನ್ನೂ ಕೂರುತ್ತದೆ. ಬಲೂನ್ ಮಾತ್ರ ದಪ್ಪದ್ದೇ ಇರಲಿ, ಒಂದರೊಳಗೆ ಒಂದು ಹಾಕಿ. ಸುಭಾಷ್ ರೋಡಿನಲ್ಲಿ ಸಿಗುವ ಹುಟ್ಟುಹಬ್ಬದ ತೆಳು ಬಲೂನಿನಲ್ಲಿ ಹೈಡ್ರೋಜನ್ ಬೆಳಗಿನತನಕ ನಿಲ್ಲುವುದಿಲ್ಲ.

ಸಿಲಿಂಡರಿನ ಉಸಾಬರಿ ಬೇಡ ಅನ್ನುವವರಿಗೆ ಅಮೋನಿಯಂ ಫಾರ್ಮೇಟ್ ಇದೆ. ಮೆಥನಾಲಿನಲ್ಲಿ ಪಿಡಿ-ಸಿ ಜೊತೆ ಬಿಸಿ ಮಾಡಿದರೆ ಹೈಡ್ರೋಜನ್ ಅಲ್ಲೇ ಹುಟ್ಟುತ್ತದೆ. ನಮ್ಮ ಲ್ಯಾಬಿನಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ರಿಡಕ್ಷನ್, ಅಂದರೆ ಹೈಡ್ರೋಜನ್ ಬಳಸುವ ಕೆಲಸ, ಹೀಗೇ ನಡೆಯುತ್ತದೆ. ಕಂಡೆನ್ಸರಿನಲ್ಲಿ ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ, ದಾರಿ ಪೂರ್ತಿ ಮುಚ್ಚದಂತೆ ಕಣ್ಣಿಟ್ಟಿರಿ.

ಕೊಳ್ಳುವಾಗ ನೀರು ಬೆರೆಸಿದ, ಅಂದರೆ ಶೇ. 50 ತೇವದ ಪಿಡಿ-ಸಿಯನ್ನೇ ಕೊಳ್ಳಿ. 'ಅರ್ಧ ನೀರಿಗೆ ದುಡ್ಡು ಕೊಡಬೇಕಾ' ಅಂತ ಹೊಸಬರು ಕೇಳುತ್ತಾರೆ. ಲೆಕ್ಕ ಸರಿಯೇ, ಅದರ ಒಂದು ಗ್ರಾಂನಲ್ಲಿ ಪಲ್ಲಾಡಿಯಂ ಸುಮಾರು 50 ಮಿಲಿಗ್ರಾಂ ಮಾತ್ರ. ಆದರೆ ಒಣ ಪುಡಿಯ ಮೇಲೆ ಗಾಳಿಯಲ್ಲಿ ಮೆಥನಾಲ್ ಸುರಿದರೆ ಬೆಂಕಿ ಹತ್ತಬಹುದು, ಅದು ಸುಮ್ನೆ ಹೆದರಿಸುವ ಮಾತಲ್ಲ. ಫ್ಲಾಸ್ಕಿಗೆ ಮೊದಲು ನೈಟ್ರೋಜನ್, ಆಮೇಲೆ ಪುಡಿ, ಆಮೇಲೆ ನಿಧಾನಕ್ಕೆ ಸಾಲ್ವೆಂಟ್. ಬಳಸಿದ ಮೇಲಂತೂ ಅಪಾಯ ಇನ್ನೂ ಜಾಸ್ತಿ, ಪುಡಿ ಹೈಡ್ರೋಜನ್ ಕುಡಿದಿರುತ್ತದೆ. ಪಲ್ಲಾಡಿಯಂ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನ್ ಹೀರುವ ಲೋಹ. ಸೆಲೈಟ್ ಅನ್ನುವ ಸೋಸುವ ಪುಡಿಯ ಪದರದ ಮೇಲೆ ಸೋಸುವಾಗ ಪದರ ಒಣಗಲು ಬಿಡಬೇಡಿ. ಧಾರವಾಡದ ಏಪ್ರಿಲ್ ಬಿಸಿಲಿನಲ್ಲಿ ಅದು ಎಷ್ಟು ಬೇಗ ಒಣಗುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಸೋಸಿ ಉಳಿದದ್ದನ್ನು ನೀರಿನಲ್ಲಿ ಮುಳುಗಿಸಿ, ಹೆಸರು ಬರೆದು ಬೇರೆ ಬಾಟಲಿಯಲ್ಲಿಡಿ. ಕಸದ ಬುಟ್ಟಿಗೆ ಎಂದೂ ಬೇಡ.

ಇದಕ್ಕೆ ಆಗದ ಕೆಲಸಗಳೂ ಇವೆ. ಸಲ್ಫರ್ ಇದ್ದರೆ ಮುನಿಸಿಕೊಳ್ಳುತ್ತದೆ. ಥಯೋಲ್, ಸಲ್ಫೈಡ್ ಇರುವ ಅಣುಗಳು ಕ್ಯಾಟಲಿಸ್ಟಿನ ಕತೆ ಮುಗಿಸುತ್ತವೆ. ಬೆಂಝೀನ್ ಉಂಗುರದ ಮೇಲೆ ಬ್ರೋಮಿನ್ ಇದ್ದರೆ ನೈಟ್ರೋ ಜೊತೆ ಅದೂ ಹೋಗಬಹುದು. ಅಂಥಲ್ಲಿ ಕಬ್ಬಿಣದ ಪುಡಿ ಮತ್ತು ಅಮೋನಿಯಂ ಕ್ಲೋರೈಡೇ ವಾಸಿ, ಬೆಲೆಯೂ ಪುಡಿಗಾಸು. ಕೌಮರಿನ್ ಮೇಲೆ ಕೆಲಸ ಮಾಡುವವರು ಇನ್ನೊಂದು ಗಮನಿಸಿ. ಹೊತ್ತು ಮೀರಿ ಬಿಟ್ಟರೆ ಅದರ ಉಂಗುರದ 3, 4ನೇ ಕಾರ್ಬನ್ ನಡುವಿನ ಜೋಡಿ ಬಂಧವೂ ರಿಡ್ಯೂಸ್ ಆಗುತ್ತದೆ. ಮತ್ತೆ, ಒಂದೇ '10%' ಅಂತ ಬರೆದಿದ್ದರೂ ಎರಡು ಕಂಪನಿಗಳ ಪುಡಿ ಒಂದೇ ಥರ ಕೆಲಸ ಮಾಡುವುದಿಲ್ಲ. ಹೊಸ ಬಾಟಲಿ ಬಂದಾಗ ಗೊತ್ತಿರುವ ರಿಯಾಕ್ಷನ್ನೊಂದನ್ನು ಹಚ್ಚಿ ನೋಡಿ.

ಇನ್ನು ಜೋಡಣೆಯ ಕೆಲಸ, ಅಂದರೆ ಎರಡು ಅಣುಗಳನ್ನು ಕಾರ್ಬನ್-ಕಾರ್ಬನ್ ಬಂಧದಿಂದ ಕೂಡಿಸುವ ಸುಝುಕಿ, ಹೆಕ್, ಸೊನೊಗಾಶಿರಾ ರಿಯಾಕ್ಷನ್ನುಗಳು. 2010ರಲ್ಲಿ ಹೆಕ್, ನೆಗಿಶಿ, ಸುಝುಕಿ ಮೂವರಿಗೂ ನೊಬೆಲ್ ಬಂದದ್ದು ಈ ಪಲ್ಲಾಡಿಯಂ ಜೋಡಣೆಗೇ. ಮನೆಯಲ್ಲಿ ಹಿರಿಯರು ಬಿಪಿಗೆ ನುಂಗುವ ಲೊಸಾರ್ಟನ್ನಿನಲ್ಲಿರುವ, ಎರಡು ಬೆಂಝೀನ್ ಉಂಗುರ ಕೂಡಿದ ಬೈಫಿನೈಲ್ ಭಾಗವನ್ನೂ ಸುಝುಕಿಯಿಂದ ಜೋಡಿಸಬಹುದು. ಆದ್ದರಿಂದ ನಮ್ಮ ಕಡೆಯ ಪ್ರತಿ ಪ್ರಾಜೆಕ್ಟಿನಲ್ಲೂ ಒಂದು ಸುಝುಕಿ ಇರಲೇಬೇಕು ಅನ್ನುವಂತಾಗಿದೆ, ಬೇಕಿರಲಿ ಬಿಡಲಿ.

ಪುಸ್ತಕ ತೆರೆದರೆ ಎಲ್ಲರೂ ಟೆಟ್ರಾಕಿಸ್ ಬರೆದಿರುತ್ತಾರೆ. ನನಗೆ ಅದು ಸೇರಲಿಲ್ಲ. ಒಳ್ಳೆಯ ಟೆಟ್ರಾಕಿಸ್ ಹೊಳೆಯುವ ಹಳದಿ. ಗಾಳಿ ತಾಗಿದರೆ ಕಂದಾಗುತ್ತದೆ. ಒಬ್ಬ ಸಪ್ಲೈಯರ್ ಕಳಿಸಿದ ಬಾಟಲಿ ತೆರೆದಾಗಲೇ ಕಾಫಿ ಪುಡಿ ಬಣ್ಣಕ್ಕಿತ್ತು. ಬದಲಿಸಿಕೊಡಿ ಅಂದರೆ, ಸೀಲ್ ಒಡೆದಿದ್ದೀರಲ್ಲ ಅಂದರು! ಫ್ರಿಜ್‌ನಿಂದ ತೆಗೆದ ತಣ್ಣನೆ ಬಾಟಲಿಯನ್ನು ಜುಲೈ ಜಡಿಮಳೆಯಲ್ಲಿ ತೆರೆದರೆ ತೇವವೂ ಒಳಗೆ. ಹೀಗಾಗಿ ಕೊನೆಯ ಅರ್ಧ ಬಾಟಲಿ ಯಾವಾಗಲೂ ದಂಡ.

ಲೋಹದ ಲೆಕ್ಕವನ್ನೂ ನೋಡಿ. ಟೆಟ್ರಾಕಿಸ್‌ನಲ್ಲಿ ಪಲ್ಲಾಡಿಯಂ ಸುಮಾರು ಶೇ. 9, ಮಿಕ್ಕದ್ದೆಲ್ಲ ಟ್ರೈಫಿನೈಲ್ ಫಾಸ್ಫೀನ್. ಅಸಿಟೇಟ್‌ನಲ್ಲಿ ಶೇ. 47. ಒಂದು ಮಿಲಿಮೋಲ್ ರಿಯಾಕ್ಷನ್ನಿಗೆ 5 ಮೋಲ್ ಪರ್ಸೆಂಟ್ (ನೂರು ಅಣುವಿಗೆ ಐದು) ಹಾಕುವುದಾದರೆ ಟೆಟ್ರಾಕಿಸ್ 58 ಮಿಲಿಗ್ರಾಂ ತೂಗಬೇಕು, ಅಸಿಟೇಟ್ 11 ಮಿಲಿಗ್ರಾಂ ಸಾಕು. ಫಾಸ್ಫೀನನ್ನು ಬೇರೆಯಾಗಿ ಕೊಂಡರೆ ಅಗ್ಗ. ಅಸಿಟೇಟ್ ಮುಚ್ಚಳ ಬಿಗಿಯಾಗಿದ್ದರೆ ಶೆಲ್ಫಿನಲ್ಲೇ ಚೆನ್ನಾಗಿ ಬಾಳುತ್ತದೆ. ಆರೈಲ್ ಬ್ರೋಮೈಡ್, ಬೋರಾನಿಕ್ ಆಸಿಡ್, ಪೊಟ್ಯಾಸಿಯಂ ಕಾರ್ಬೋನೇಟ್, ಡಯಾಕ್ಸೇನ್-ನೀರು ಇಟ್ಟುಕೊಂಡು 90 ಡಿಗ್ರಿಯಲ್ಲಿ ನಡೆಸಿದ ನಮ್ಮ ರಿಯಾಕ್ಷನ್‌ಗಳಲ್ಲಿ ಟೆಟ್ರಾಕಿಸ್‌ಗಿಂತ ಅಸಿಟೇಟ್-ಫಾಸ್ಫೀನ್ ಜೋಡಿ ಕಡಿಮೆ ಬೀಳಲಿಲ್ಲ. ಸಾಲ್ವೆಂಟಿನಲ್ಲಿ ನೈಟ್ರೋಜನ್ ಹಾಯಿಸುವುದನ್ನು ಮಾತ್ರ ತಪ್ಪಿಸಬೇಡಿ. ಆಕ್ಸಿಜನ್ ಉಳಿದರೆ ಬೋರಾನಿಕ್ ಆಸಿಡ್ ತನಗೆ ತಾನೇ ಅಂಟಿಕೊಳ್ಳುತ್ತದೆ. ಬೇಗನೇ ಫ್ಲಾಸ್ಕಿನ ಗೋಡೆಗೆ ಕಪ್ಪು ಹತ್ತಿ ಟಿಎಲ್‌ಸಿ ಮುಂದಕ್ಕೆ ಹೋಗದಿದ್ದರೆ ಕ್ಯಾಟಲಿಸ್ಟ್ ಸತ್ತಿತು ಅಂತ ತಿಳಿಯಿರಿ. ಆರೈಲ್ ಕ್ಲೋರೈಡ್‌ಗೆ ಈ ಜೋಡಿ ಸಾಲುವುದಿಲ್ಲ, ಎಸ್‌ಫಾಸ್, ಎಕ್ಸ್‌ಫಾಸ್ ಥರದ ದುಬಾರಿ ಲಿಗಾಂಡ್, ಅಂದರೆ ಲೋಹಕ್ಕೆ ಅಂಟಿ ನಿಲ್ಲುವ ಫಾಸ್ಫೀನ್, ಬೇಕು.

ಕೆಮಿಸ್ಟ್ರಿಗಿಂತ ಜಾಸ್ತಿ ಕಾಡಿದ್ದು ಬೆಲೆ. ಪಲ್ಲಾಡಿಯಂ ಬಹುಪಾಲು ಬರುವುದು ರಷ್ಯಾ ಮತ್ತು ದಕ್ಷಿಣ ಆಫ್ರಿಕಾದಿಂದ, ಹೆಚ್ಚು ಖರ್ಚಾಗುವುದು ಕಾರುಗಳ ಸೈಲೆನ್ಸರ್ ಕಡೆಯ ಕನ್ವರ್ಟರಿನಲ್ಲಿ. 2022ರ ಮಾರ್ಚಿನಲ್ಲಿ ಔನ್ಸಿಗೆ 3000 ಡಾಲರ್ ದಾಟಿತ್ತು. ಕೊಟೇಶನ್ ಹದಿನೈದು ದಿನಕ್ಕಷ್ಟೇ, ನಮ್ಮ ಫೈಲ್ ಸಹಿ ಆಗಿ ಬರುವುದು ಅದು ಮುಗಿದ ಮೇಲೆ. ಫೋನ್ ಮಾಡಿದರೆ ಹುಬ್ಬಳ್ಳಿಯ ಡೀಲರ್ 'ಸರ, ರೇಟ್ ಮತ್ತ ಏರೇತ್ರಿ, ಹೊಸಾ ಕೊಟೇಶನ್ ಕಳಸ್ತೀನಿ' ಅನ್ನುತ್ತಾರೆ.

ಕಾಂಪೌಂಡನ್ನು ಬಯೋ ಟೆಸ್ಟಿಂಗಿಗೆ ಕಳಿಸುವವರು ಉಳಿದ ಪಲ್ಲಾಡಿಯಂ ತೆಗೆಯಲೇಬೇಕು, ಇಲ್ಲದಿದ್ದರೆ ಲೋಹದ ಪರಿಣಾಮವನ್ನೇ ಕಾಂಪೌಂಡಿನದು ಅಂದುಕೊಂಡುಬಿಡಬಹುದು. ಬಾಯಿಂದ ತೆಗೆದುಕೊಳ್ಳುವ ಔಷಧಿಯಲ್ಲಿ ದಿನಕ್ಕೆ 100 ಮೈಕ್ರೋಗ್ರಾಂ ಮಿತಿ. ಕಾಂಪೌಂಡ್ ಶುದ್ಧ ಮಾಡುವ ಕಾಲಮ್ ಒಂದೇ ಸಾಲದಿದ್ದರೆ ಆಕ್ಟಿವೇಟೆಡ್ ಚಾರ್ಕೋಲ್ ಅಥವಾ ಥಯೋಲ್ ಸಿಲಿಕಾ ಬಳಸಿ.

ಸ್ಟಾರ್ ಕೊಡುವುದಾದರೆ ತೇವದ ಪಿಡಿ-ಸಿಗೆ ಐದಕ್ಕೆ ಐದು, ಅಸಿಟೇಟ್‌ಗೆ ನಾಲ್ಕು, ಟೆಟ್ರಾಕಿಸ್‌ಗೆ ಎರಡು. ಗಾಳಿ ತಾಗದಂತೆ ಕೆಲಸ ಮಾಡುವ ಗ್ಲವ್ ಬಾಕ್ಸ್ ಇರುವವರು ಟೆಟ್ರಾಕಿಸ್‌ಗೆ ಇನ್ನೊಂದು ಸೇರಿಸಿಕೊಳ್ಳಿ. ದುಡ್ಡು ಒಂದೇ ಬಾಟಲಿಗೆ ಇದ್ದರೆ ಪಿಡಿ-ಸಿ ತಗೊಳ್ಳಿ, ಅದೂ ಸಣ್ಣ ಪ್ಯಾಕ್.