'ಟೀಮ್ ಬರುತ್ತೆ' ಅಂದರೆ ಯಾರು ಬರುತ್ತಾರೆ ಅಂತ ಕೇಳಿ: ಫೋಟೋಗ್ರಾಫರ್ ವಿಷಯದಲ್ಲಿ ನಾನು ಮಂಗ ಆದದ್ದು

ಮೊದಲೇ ಹೇಳಿಬಿಡುತ್ತೇನೆ, ಸ್ಟುಡಿಯೋದ ಹೆಸರು ಬರೆಯುವುದಿಲ್ಲ. ಲೆಕ್ಕ ಇನ್ನೂ ಮುಗಿದಿಲ್ಲ, ಮಾತು ನಡೆಯುತ್ತಾ ಉಂಟು. ಆದರೆ ನಮ್ಮ ಕಡೆ ಇನ್ನು ಮದುವೆ, ಉಪನಯನ, ಒಕ್ಕಲು ಅಂತ ಸಾಲಾಗಿ ಶುರುವಾಗುತ್ತದೆ. ನನ್ನ ಹಾಗೆ ಇನ್ನೊಬ್ಬರು ಸಿಕ್ಕಿಬೀಳಬಾರದು, ಅಷ್ಟಕ್ಕೆ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಹೇಳಿದರೆ ಬೇಸರ ಮಾಡಬೇಡಿ.

ನಮ್ಮ ಅಜ್ಜಿಗೆ 84. ಸಾವಿರ ಹುಣ್ಣಿಮೆಯ ಲೆಕ್ಕಕ್ಕೆ 81ರ ಹೊತ್ತಿಗೇ ಸಹಸ್ರಚಂದ್ರ ಶಾಂತಿ ಮಾಡಬಹುದಿತ್ತು. ಒಂದು ವರ್ಷ ಒಬ್ಬನಿಗೆ ರಜೆ ಇಲ್ಲ, ಮತ್ತೊಂದು ವರ್ಷ ಸೂತಕ, ಹೀಗೆ ಮುಂದೆ ಹೋಗಿ ಹೋಗಿ ಕಳೆದ ಮೇ ತಿಂಗಳಲ್ಲಿ, ನಮ್ಮ ಕಡೆ ಜಾತ್ರೆ-ಕೋಲಗಳ ಕಾಲ ಮುಗಿಯುವ ಪತ್ತನಾಜೆಗೆ ಸ್ವಲ್ಪ ಮೊದಲು, ಅಂತೂ ದಿನ ಸಿಕ್ಕಿತು. ದುಬೈಯಿಂದ ತಮ್ಮ ಹತ್ತೇ ದಿನದ ರಜೆಯಲ್ಲಿ ಬಂದ. ಬೆಂಗಳೂರಿನವರು, ಪುತ್ತೂರಿನವರು, ಮಂಗಳೂರಿನವರು ಸೇರಿ 63 ಜನ ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಂಗಳದಲ್ಲಿ. ಇನ್ನೊಮ್ಮೆ ಇಷ್ಟು ಜನ ಯಾವಾಗ ಸೇರುತ್ತಾರೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾ?

ಫೋಟೋದ ಜವಾಬ್ದಾರಿ ನಂದು. ಯಾರೂ ಹೊರಿಸಿದ್ದಲ್ಲ, ನಾನೇ ಕೇಳಿ ವಹಿಸಿಕೊಂಡದ್ದು. ಹೊಟ್ಟೆ ಉರಿಯುವುದು ಅದಕ್ಕೇ.

ಮೊದಲೆಲ್ಲ ನಮಗೆ ಈ ತಲೆಬಿಸಿ ಇರಲಿಲ್ಲ. ಅಪ್ಪನ ಮದುವೆಯಿಂದ ನನ್ನ ಉಪನಯನದ ತನಕ ಪೇಟೆಯ ಒಬ್ಬರೇ ಬರುತ್ತಿದ್ದರು. ರೋಲಿಗೆ 36 ಫೋಟೋ, ಅದಕ್ಕೆ ಅವರು ಕ್ಲಿಕ್ ಮಾಡುವ ಮೊದಲು ಹತ್ತು ಸಲ ನೋಡುತ್ತಿದ್ದರು. ಯಾರು ಅತ್ತೆ, ಯಾರು ಸೋದರಮಾವ ಅಂತ ಹೇಳಿಕೊಡಬೇಕಾಗಿರಲಿಲ್ಲ. ಅವರಿಗೆ ಈಗ ಕಣ್ಣು ಕಾಣುವುದಿಲ್ಲ, ಸ್ಟುಡಿಯೋ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ.

ಹಾಗಾಗಿ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿದೆ. ಕಾಸರಗೋಡಿನ ಒಂದು ಪೇಜು ಸಿಕ್ಕಿತು. ಏನು ಫೋಟೋಗಳು ಅಂತೀರಿ! ಒಬ್ಬಳು ಮುದುಕಿ ಮೊಮ್ಮಗುವಿನ ಕೈ ಹಿಡಿದದ್ದು, ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಇಂಥದ್ದೇ ನಮ್ಮ ಅಜ್ಜಿಯದ್ದು ಬೇಕು ಅಂತ ಆಗಲೇ ಮನಸ್ಸು ಮಾಡಿಬಿಟ್ಟೆ. ಇನ್ನೊಂದು ಬೇಕಲ ಕೋಟೆಯಲ್ಲಿ ತೆಗೆದ ಕುಟುಂಬದ ಫೋಟೋ, ಹಿಂದೆ ಸಮುದ್ರ, ಸಂಜೆ ಬಿಸಿಲು. ಈ ಬೇಕಲದ ಫೋಟೋ ನೆನಪಿಟ್ಟುಕೊಳ್ಳಿ, ಆಮೇಲೆ ಹೇಳುತ್ತೇನೆ.

ಬೇರೆ ಇಬ್ಬರು 40,000, 45,000 ಅಂದಿದ್ದರು. ಈ ಪೇಜಿನವನು 28,000. ಒಂದು ಸ್ಟಿಲ್, ಒಂದು ವಿಡಿಯೋ, 12-36 ಸೈಜಿನ 40 ಶೀಟಿನ ಆಲ್ಬಮ್. ಫೋನಿನಲ್ಲಿ ಬಾಯಿ ತುಂಬ ಚೇಟ್ಟಾ ಚೇಟ್ಟಾ ಅಂತ ಮಾತು, ಮಲಯಾಳದಲ್ಲಿ ಅಣ್ಣಾ ಅಂತ. "ನೀವೇ ಬರ್ತೀರಲ್ವಾ?" ಅಂತ ಕೇಳಿದ್ದೆ. ಕೇಳಲಿಲ್ಲ ಅಂತ ಯಾರೂ ಹೇಳಬಾರದು, ಕೇಳಿದ್ದೆ. ಅವನ ಉತ್ತರ: "ನಮ್ಮ ಟೀಮ್ ಬರುತ್ತೆ ಚೇಟ್ಟಾ, ಟೆನ್ಶನ್ ಬೇಡ." ಟೀಮ್ ಅಂದಾಗ ನಾನು ಖುಷಿಪಟ್ಟೆ! ಒಬ್ಬನಲ್ಲ, ಒಂದು ತಂಡವೇ ಬರುತ್ತದೆ ಅಂತ. ಅಲ್ಲೇ 10,000 ಗೂಗಲ್ ಪೇ ಮಾಡಿದೆ.

ಬರಬೇಕಾದದ್ದು ಬೆಳಿಗ್ಗೆ ಏಳು ಗಂಟೆಗೆ. ಎಂಟಕ್ಕೆ ಫೋನ್ ಮಾಡಿದರೆ "ಹೊರಟಾಯ್ತು". ಒಂಬತ್ತಕ್ಕೆ "ಸೀತಾಂಗೋಳಿ ಎತ್ತಿ", ಅಂದರೆ ಸೀತಾಂಗೋಳಿಗೆ ಮುಟ್ಟಿದೆವು ಅಂತ. ಅಜ್ಜಿಗೆ ಕಲಶದ ನೀರು ಹೊಯ್ಯುವಾಗ ಮಕ್ಕಳು, ಮೊಮ್ಮಕ್ಕಳು ಎಲ್ಲ ಸುತ್ತ ನಿಂತಿದ್ದರು, ಅಜ್ಜಿ ಚಳಿಗೆ ನಡುಗುತ್ತಾ ನಗುತ್ತಿದ್ದರು. ಅದರ ಒಂದೇ ಒಂದು ಒಳ್ಳೆಯ ಫೋಟೋ ಇಲ್ಲ. ಯಾಕೆಂದರೆ 'ಟೀಮ್' ಗೇಟಿನ ಹತ್ತಿರ ಬೈಕ್ ನಿಲ್ಲಿಸಿದ್ದು ಹತ್ತೂ ನಲವತ್ತಕ್ಕೆ.

ಟೀಮ್ ಅಂದರೆ ಇಬ್ಬರು ಹುಡುಗರು. ಒಬ್ಬನಿಗೆ ಇಪ್ಪತ್ತು ವರ್ಷ ಇರಬಹುದು, ಇನ್ನೊಬ್ಬನಿಗೆ ಅದೂ ಇಲ್ಲ. ದೊಡ್ಡವನು ಬ್ಯಾಗ್ ಇಳಿಸಿ, ಅಂಗಳ ಒಮ್ಮೆ ನೋಡಿ, ನನ್ನಲ್ಲಿ ಕೇಳಿದ: "ಪೆಣ್ಣ್ ಎವಿಡೆ?"

ಹುಡುಗಿ ಎಲ್ಲಿ ಅಂತ. ಮದುಮಗಳು ಎಲ್ಲಿ ಅಂತ! ಅವನಿಗೆ ಯಾರೋ ಎಂಗೇಜ್‌ಮೆಂಟ್ ಅಂತ ಹೇಳಿ ಕಳಿಸಿದ್ದಾರೆ. ನಾನು ಅಜ್ಜಿಯನ್ನು ತೋರಿಸಿದೆ. ಪಕ್ಕದಲ್ಲಿದ್ದ ಭಾವ ನಗು ತಡೆಯಲಾರದೆ ಒಳಗೆ ಹೋದ. ಈಗಲೂ ನಮ್ಮ ಮನೆಯಲ್ಲಿ ನನ್ನನ್ನು ಕಂಡರೆ ಸಾಕು, "ಪೆಣ್ಣ್ ಎವಿಡೆ" ಅಂತ ಶುರು ಮಾಡುತ್ತಾರೆ.

ಇನ್ನು ಚಪ್ಪರ. ಮಳೆಯ ಹೆದರಿಕೆಗೆ ಮೇಲೆ ನೀಲಿ ಟಾರ್ಪಾಲ್ ಹಾಕಿದ್ದೆವು. ಅದರ ಅಡಿಯಲ್ಲಿ ನಿಂತರೆ ಮನುಷ್ಯರೆಲ್ಲ ನೀಲಿ. ಕಸುಬು ಗೊತ್ತಿದ್ದವರು ಬಂದ ಕೂಡಲೇ ಮೇಲೆ ನೋಡುತ್ತಾರೆ, ಮುಖ್ಯ ಫೋಟೋಗಳಿಗೆ ಜನರನ್ನು ಜಗಲಿಗೆ ಅಥವಾ ಹಲಸಿನ ಮರದ ನೆರಳಿಗೆ ಕರೆಯುತ್ತಾರೆ. ಇದು ನನಗೆ ಈಗ ಗೊತ್ತು. ಅವತ್ತು ಗೊತ್ತಿರಲಿಲ್ಲ, ಆ ಹುಡುಗನಿಗೂ ಗೊತ್ತಿರಲಿಲ್ಲ. ಗ್ರೂಪ್ ಫೋಟೋ, ಆರತಿ, ಎಲ್ಲವೂ ಅದೇ ನೀಲಿಯ ಅಡಿಯಲ್ಲಿ. ಲಾಡಿನ ತಟ್ಟೆಯನ್ನು ಮಾತ್ರ ಹೊರಗೆ ಬಿಸಿಲಿಗೆ ಇಟ್ಟು ಇಪ್ಪತ್ತೆರಡು ಫೋಟೋ ತೆಗೆದಿದ್ದಾನೆ. ಲೆಕ್ಕ ಮಾಡಿದ್ದೇನೆ.

ಊಟಕ್ಕೆ ಮೊದಲು ಫೋನ್ ಬಂತು, "ಚೇಟ್ಟಾ, ಹುಡುಗರಿಗೆ ಕೊಡಬೇಕು, ಸೆಕೆಂಡ್ ಪೇಮೆಂಟ್." 13,000 ಕೊಟ್ಟೆ. ಅಷ್ಟೆಲ್ಲ ನೋಡಿದ ಮೇಲೂ ಕೊಟ್ಟೆ. ನೆಂಟರ ಎದುರು ಜಗಳ ಯಾಕೆ ಅಂತ. ಅವರು ನಂಬಿಕೊಳ್ಳುವುದು ನಮ್ಮ ಈ ಮರ್ಯಾದೆಯನ್ನೇ.

ಆಲ್ಬಮ್ 30 ದಿನಕ್ಕೆ ಅಂದಿದ್ದು. ಜೂನ್‌ನಲ್ಲಿ ಮಳೆ, ಕರೆಂಟ್ ಇಲ್ಲ. ಜುಲೈಯಲ್ಲಿ ಎಡಿಟರ್ ಊರಿಗೆ ಹೋಗಿದ್ದಾನೆ. ಆಮೇಲೆ ಓಣಂ, ಚಿಂಗ ತಿಂಗಳ ಮದುವೆಗಳು. ಆಮೇಲೆ ಹಾರ್ಡ್ ಡಿಸ್ಕ್. ಕೊನೆಕೊನೆಗೆ ಕಾರಣ ಹೇಳುವುದನ್ನೂ ಬಿಟ್ಟ. ನಾನು ಬರೆದರೆ ಒಂದೇ ಶಬ್ದದ ಉತ್ತರ: "ನೋಕ್ಕಾಂ." ನೋಡೋಣ. ಏನು ನೋಡುವುದು? ಯಾರು ನೋಡುವುದು? ಹಣ ಕೊಟ್ಟವನು ನಾನು!

ಅಕ್ಟೋಬರಿನಲ್ಲಿ ಆಲ್ಬಮ್ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಡ್ರೈವರ್ ಹತ್ತಿರ ಇಳಿಸಿಕೊಂಡು ಮನೆಗೆ ತಂದೆ. ಜಗಲಿಯಲ್ಲಿ ಅಜ್ಜಿಯ ತೊಡೆಯ ಮೇಲೆ ಇಟ್ಟು ನಾನೇ ಮೊದಲ ಹಾಳೆ ತೆರೆದೆ.

ಅಜ್ಜಿಯ ಬಾಯಿಯ ಬಲಬದಿಯಲ್ಲಿ ಒಂದು ದಪ್ಪ ಕಪ್ಪು ಮಚ್ಚೆ ಉಂಟು. ಚಿಕ್ಕಂದಿನಲ್ಲಿ ನಾವೆಲ್ಲ ಅದನ್ನು ಒತ್ತಿ ಬೆಲ್ ಹೊಡೆಯುವ ಆಟ ಆಡುತ್ತಿದ್ದೆವು. ಒತ್ತಿದರೆ ಅಜ್ಜಿ "ಟ್ರಿಣ್" ಅನ್ನಬೇಕು. ಆಲ್ಬಮಿನಲ್ಲಿ ಆ ಮಚ್ಚೆ ಇಲ್ಲ. ಒರೆಸಿಬಿಟ್ಟಿದ್ದಾರೆ. ನೀಲಿ ತೆಗೆಯಲು ಹೋಗಿ ಮುಖ ಪೂರ್ತಿ ಕೆಂಪು ಮಾಡಿದ್ದಾರೆ, ಸುಕ್ಕು ಎಲ್ಲ ಉಜ್ಜಿ ಸಮ ಮಾಡಿದ್ದಾರೆ. ಗಾರೆ ಹಾಕಿದ ಗೋಡೆಯ ಹಾಗೆ ಒಂದು ಮುಖ.

ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ತುಂಬ ಹೊತ್ತು ನೋಡಿದರು. "ಇದು ಆರು ಮಗಾ?" ಅಂದರು. ಇದು ಯಾರು ಅಂತ.

ನೀವೇ ಅಜ್ಜಿ ಅಂದೆ. ಬೆರಳಿನಲ್ಲಿ ಫೋಟೋದ ಗಲ್ಲ ಮುಟ್ಟಿ ನೋಡಿದರು. "ಆನೋ? ಆನಲ್ಲ" (ನಾನೋ? ನಾನಲ್ಲ) ಅಂತ ಹೇಳಿ ಮಡಚಿ ನನ್ನ ಕೈಗೇ ಕೊಟ್ಟರು.

ನಾಲ್ಕು ತಲೆಮಾರಿನ ಫೋಟೋ ಒಂದು ಬೇಕೇ ಬೇಕು ಅಂತ ಬರೆದು ಕೊಟ್ಟಿದ್ದೆ. ಅಜ್ಜಿ, ಅತ್ತೆ, ಅತ್ತೆಯ ಮಗಳು, ಅವಳ ಎರಡು ತಿಂಗಳ ಮಗು. ಅದನ್ನು ಎರಡು ಪುಟಕ್ಕೆ ಅಡ್ಡಲಾಗಿ ಹಾಕಿದ್ದಾರೆ. ಮಡಿಕೆ ಬಿದ್ದದ್ದು ಸರಿಯಾಗಿ ಮಗುವಿನ ಮುಖದ ಮೇಲೆ. ಒಂದು ಕಣ್ಣು ಈಚೆ ಪುಟದಲ್ಲಿ, ಒಂದು ಕಣ್ಣು ಆಚೆ ಪುಟದಲ್ಲಿ.

ಫೋನ್ ಮಾಡಿದೆ. ಇನ್ನು ಅವನ ಉತ್ತರಗಳನ್ನು ಕೇಳಿ. ಮಚ್ಚೆ ಯಾಕೆ ತೆಗೆದಿರಿ? "ಎಲ್ಲರೂ ಕ್ಲೀನ್ ಫೇಸ್ ಕೇಳ್ತಾರೆ ಚೇಟ್ಟಾ." ಅಜ್ಜಿಗೆ ಗುರುತೇ ಸಿಗಲಿಲ್ಲ ಅಂದೆ. "ವಯಸ್ಸಾದವರಿಗೆ ಹಾಗೆ ಆಗುತ್ತೆ." ಎಡಿಟ್ ಮಾಡದ ಫೋಟೋಗಳನ್ನಾದರೂ ಕೊಡಿ, ನಾನೇ ಬೇರೆ ಕಡೆ ಮಾಡಿಸುತ್ತೇನೆ ಅಂದೆ. "ರಾ ಫೈಲ್ ಕೊಡುವ ಕ್ರಮ ಇಲ್ಲ. ಕಾಪಿರೈಟ್ ನಮ್ಮದು. ಬೇಕಾದರೆ 8,000 ಎಕ್ಸ್‌ಟ್ರಾ." ಜಗಳ ಮಾಡಿದ್ದಕ್ಕೆ 140 ಫೋಟೋ ವಾಟ್ಸಾಪಿನಲ್ಲಿ ಕಳಿಸಿದ. ತೆರೆದು ನೋಡಿದರೆ ಒಂದೊಂದೂ 1600 ಪಿಕ್ಸೆಲ್ ಅಗಲ. ಇಂಚಿಗೆ 300ರ ಲೆಕ್ಕದಲ್ಲಿ ಪ್ರಿಂಟ್ ಹಾಕಿದರೆ ಐದೂ ಚಿಲ್ಲರೆ ಇಂಚು. ಗೋಡೆಗೆ ತೂಗುಹಾಕಲು ಅದು ಯಾವ ಮೂಲೆಗೆ ಸಾಕು?

ಈಗ ಬೇಕಲದ ಫೋಟೋ. ತಂಗಿಯ ಮಗ ಹತ್ತನೇ ಕ್ಲಾಸು. ಅವನು ನನ್ನ ಮೊಬೈಲ್ ತೆಗೆದುಕೊಂಡು ಆ ಪೇಜಿನ ಫೋಟೋಗಳನ್ನು ಒಂದೊಂದಾಗಿ, ಫೋಟೋ ಎಲ್ಲಿಯದ್ದು ಅಂತ ಹುಡುಕುವ ಗೂಗಲ್ ಲೆನ್ಸಿಗೆ ಹಾಕಿದ. ಎರಡು ನಿಮಿಷ ಆಗಲಿಲ್ಲ. ಮುದುಕಿ ಮತ್ತು ಮೊಮ್ಮಗು ಬೇರೆ ಯಾವುದೋ ರಾಜ್ಯದ ಫೋಟೋಗ್ರಾಫರನದ್ದು. ಬೇಕಲ ಅಂತ ಬರೆದದ್ದು ಮಹಾರಾಷ್ಟ್ರದ ಯಾವುದೋ ಸಮುದ್ರ ಕೋಟೆ. "ಮಾವಾ, ಇದರ ಗೋಡೆ ಕಪ್ಪು ಕಲ್ಲು ಅಲ್ವಾ?" ಅಂದ ಪೋರ. ಹೌದು. ಬೇಕಲ ಪೂರ್ತಿ ಕೆಂಪುಕಲ್ಲು. ಶಾಲೆಯ ಟೂರಿನಿಂದ ಹಿಡಿದು ಕಡಿಮೆ ಅಂದರೂ ಮೂವತ್ತು ಸಲ ಹೋಗಿದ್ದೇನೆ. ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಬೆಂಗಳೂರಿನ ನೆಂಟರಿಗೆ ಭಾಷಣ ಬೇರೆ ಮಾಡುತ್ತೇನೆ. ಕಾಸರಗೋಡಿನಲ್ಲಿ ಹುಟ್ಟಿ ಕಪ್ಪು ಕಲ್ಲಿನ ಗೋಡೆಯನ್ನು ಬೇಕಲ ಅಂತ ನಂಬಿ 10,000 ಕೊಟ್ಟೆ. ಹಣ ಹೋದದ್ದಕ್ಕಿಂತ ಜಾಸ್ತಿ ಚುಚ್ಚುವುದು ಇದು.

ಆ ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ: "ಅದು ರೆಫರೆನ್ಸ್ ಮಾತ್ರ." ಅವನು ಬುಕಿಂಗ್ ಹಿಡಿಯುವವನು ಮಾತ್ರ, ಕ್ಯಾಮರಾ ಮುಟ್ಟುವವನೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಕೆಲಸವನ್ನು ಆ ದಿನ ಖಾಲಿ ಇದ್ದ ಹುಡುಗರಿಗೆ ದಾಟಿಸುತ್ತಾನೆ. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವರಿಗೆ ಎಷ್ಟು ಸಿಕ್ಕಿತೋ.

ಕಾಪಿರೈಟ್ ಮಾತಿಗೆ ಹೆದರಬೇಡಿ. ನೆಂಟರಲ್ಲಿ ಒಬ್ಬರು ವಕೀಲರಿದ್ದಾರೆ, ಅವರು 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ತೆಗೆದು ತೋರಿಸಿದರು. ಹಣ ಕೊಟ್ಟು ಫೋಟೋ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದರ ಹಕ್ಕು ತೆಗೆಸಿದವರದ್ದೇ. ಹಾಗಂತ ಫೈಲ್ ಅವನ ಡಿಸ್ಕಿನಲ್ಲಿ ಕೂತಿದ್ದರೆ ಹಕ್ಕು ಹಿಡಿದುಕೊಂಡು ಏನು ಮಾಡುವುದು? ಅದಕ್ಕೆ ಬುಕ್ ಮಾಡುವಾಗಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ: ಒರಿಜಿನಲ್ ಫೈಲ್ ಎಲ್ಲವೂ, ಯಾವ ದಿನಕ್ಕೆ, ಕ್ಯಾಮರಾ ಹಿಡಿಯುವವನ ಹೆಸರು ಏನು. ಪೇಜಿನ ಹತ್ತು ಚಂದದ ಫೋಟೋ ಬೇಡ, ಒಂದೇ ಮನೆಯ ಒಂದು ಇಡೀ ಆಲ್ಬಮ್ ತೋರಿಸಿ ಅನ್ನಿ. ಮುಖ ಉಜ್ಜಬೇಡಿ ಅಂತಲೂ ಬರೆಯಿರಿ, ಇದನ್ನೂ ಹೇಳಬೇಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅರ್ಧಕ್ಕಿಂತ ಜಾಸ್ತಿ ಹಣ ಫೈಲ್ ಕೈಗೆ ಬರುವ ಮೊದಲು ಕೊಡಬೇಡಿ. ನೆಂಟರು ನೋಡಿದರೆ ನೋಡಲಿ.

ನಾನು 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ, ಗ್ರಾಹಕರ ಹೆಲ್ಪ್‌ಲೈನ್. ಅದರಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. 5 ಲಕ್ಷದ ತನಕದ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು ಅಷ್ಟೇ. ಕೊನೆಯ 5,000 ನನ್ನ ಹತ್ತಿರವೇ ಉಂಟು. ಫೈಲ್ ಬರದೆ ಒಂದು ಪೈಸೆ ಬಿಚ್ಚುವುದಿಲ್ಲ.

ನಿನ್ನೆ ರಾತ್ರಿ ಅವನ ಮೆಸೇಜ್ ಬಂತು. ಫೈಲ್ ಇರಬೇಕು ಅಂತ ಗಡಿಬಿಡಿಯಲ್ಲಿ ತೆರೆದೆ. ಗೂಗಲಿನಲ್ಲಿ ಫೈವ್ ಸ್ಟಾರ್ ಕೊಡಲು ಲಿಂಕ್. ಅಡಿಯಲ್ಲಿ ಕೈಮುಗಿದ ಗುರುತು ಹಾಕಿ ಬರೆದಿದ್ದಾನೆ: "ಇದೊಂದು ಮಾಡಿ ಚೇಟ್ಟಾ, ಫೈಲಿನ ಕಾರ್ಯ ನೋಕ್ಕಾಂ."