ಆಕ್ಸಿಲರೇಟರ್ ಲಿವರ್‌ಗೆ ಪಟ್ಟಿ ವೆಲ್ಡ್ ಮಾಡಿಸಬೇಡಿ

ಹಳೇ ಕಾರ್ಬೊರೇಟರ್ (ಎಂಜಿನ್‌ಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಗಾಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನದು 1997ರ ಮಾರುತಿ 800. ಅಪ್ಪ ಓಡಿಸುತ್ತಿದ್ದ ಗಾಡಿ, ಮಾರಲು ಮನಸ್ಸಿಲ್ಲ. ಇದಕ್ಕೆ ಒಂದೇ ಕಾಯಿಲೆ ಇತ್ತು. ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಫಸ್ಟ್ ಗೇರಿನಲ್ಲಿ ತೆವಳುವಾಗ ಕಾಲು ಸ್ವಲ್ಪ ಇಟ್ಟರೆ ಎಗರುತ್ತಿತ್ತು, ತೆಗೆದರೆ ಕುಕ್ಕುತ್ತಿತ್ತು. ಹಿಂದೆ ಕೂತ ಅಮ್ಮ ಒಂದು ದಿನ "ಎತ್ತಿನ ಗಾಡೀನೇ ವಾಸಿ ಕಣೋ" ಅಂದುಬಿಟ್ಟರು.

ಪರಿಚಯದ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿದ. "ಸಾರ್, ಕಾರ್ಬೊರೇಟರ್ ಹತ್ರ ಲಿವರ್ ಗಿಡ್ಡ ಐತೆ. ಉದ್ದ ಮಾಡಿದ್ರೆ ಬೆಣ್ಣೆ ಥರ ಹೋಗ್ತದೆ" ಅಂದ. ಅವನ ಲೆಕ್ಕ ಸರಿಯಾಗಿಯೇ ಇತ್ತು. ಕಾರ್ಬೊರೇಟರ್ ಒಳಗೆ ಬಟರ್‌ಫ್ಲೈ ಅನ್ನುವ ತಟ್ಟೆ ಇರುತ್ತದೆ. ಮುಚ್ಚಿರುವ ತಟ್ಟೆ ಕೂದಲೆಳೆಯಷ್ಟು ತೆರೆದರೂ ಒಳಗೆ ಹೋಗುವ ಗಾಳಿ ಒಮ್ಮೆಗೇ ಜಾಸ್ತಿಯಾಗುತ್ತದೆ. ಪೆಡಲ್ ಒತ್ತಿದರೆ ಕೇಬಲ್ ಲಿವರನ್ನು ಎಳೆದು ಈ ತಟ್ಟೆಯನ್ನು ತಿರುಗಿಸುತ್ತದೆ. ಲಿವರ್ ಉದ್ದವಾದರೆ, ಕಾಲು ಅಷ್ಟೇ ಒತ್ತಿದರೂ ತಟ್ಟೆ ಕಡಿಮೆ ತಿರುಗುತ್ತದೆ. ನನಗೂ ಅರ್ಥವಾಯಿತು. ಅರ್ಧ ಅರ್ಥವಾಯಿತು ಅನ್ನಬೇಕು.

ಬೆರಳುದ್ದದ ಕಬ್ಬಿಣದ ಪಟ್ಟಿಗೆ ತೂತು ಕೊರೆದು ಲಿವರ್‌ಗೆ ಬೆಸೆದ. ಕೇಬಲ್ ತುದಿಯನ್ನು ಪಟ್ಟಿಗೆ ಸಿಕ್ಕಿಸಿದ. ಮೊದಲ ವಾರ ಸುಖವೋ ಸುಖ. ಅಗ್ರಹಾರ ಸರ್ಕಲ್‌ನಲ್ಲಿ ಆಟೋಗಳ ಮಧ್ಯೆ ಗಾಡಿ ಸದ್ದಿಲ್ಲದೆ ನುಸುಳುತ್ತಿತ್ತು. ಇಬ್ಬರು ಸ್ನೇಹಿತರಿಗೆ ನೀವೂ ಮಾಡಿಸಿ ಅಂತ ಹೇಳಿಯೂಬಿಟ್ಟೆ. ಆಮೇಲೆ ಅವರಿಗೆ ಫೋನ್ ಮಾಡಿ ಬೇಡ ಅನ್ನುವಾಗ ಆದ ನಾಚಿಕೆ ಬೇರೆ.

ಚಾಮುಂಡಿ ಬೆಟ್ಟ ಹತ್ತುವಾಗ ಮೊದಲ ಕೊರತೆ ಕಂಡಿತು. ಪೆಡಲ್ ನೆಲ ಮುಟ್ಟಿದರೂ ಎಳೆತವೇ ಇಲ್ಲ. ಪೆಡಲ್ ಓಡುವ ದೂರ ಮುಗಿದರೂ ತಟ್ಟೆ ಪೂರ್ತಿ ತೆರೆಯುತ್ತಿರಲಿಲ್ಲ. ಮತ್ತೆ ಗ್ಯಾರೇಜಿಗೆ ಹೋದೆ. ಅವನು ಪೆಡಲ್ ಇನ್ನಷ್ಟು ಕೆಳಗೆ ಹೋಗುವಂತೆ ಅದರ ಕಾಲನ್ನು ಬಗ್ಗಿಸಿದ. ಪೆಡಲ್ ಗಟ್ಟಿಯಾಯಿತು ಅಂದೆ. ತಟ್ಟೆಯನ್ನು ವಾಪಸ್ ಎಳೆಯುವ ಸ್ಪ್ರಿಂಗನ್ನು ಪಟ್ಟಿಯ ಇನ್ನೊಂದು ತೂತಿಗೆ ಬದಲಾಯಿಸಿದ. ನಾನು ಟೀ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. 300 ರೂಪಾಯಿ. ಸೆಕೆಂಡ್ ಗೇರಿನಲ್ಲಿ ಬೀದಿ ಮೂಲೆವರೆಗೆ ಹೋಗಿ ಬಂದೆವು. ಪೆಡಲ್ ಪೂರ್ತಿ ಒತ್ತಿ ಬಿಟ್ಟು ನೋಡಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ.

ಆ ಭಾನುವಾರ ಹೆಂಡತಿಯ ಊರಿಗೆ ಹೊರಟಿದ್ದೆ, ಪಾಂಡವಪುರದ ಕಡೆ. ಪಕ್ಕದಲ್ಲಿ ಭಾವಮೈದ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ರಸ್ತೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ಬಿದ್ದು 30 ಜನ ಹೋದರಲ್ಲ, ಅದೇ ನಾಲೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಎದುರು ಖಾಲಿ ಇತ್ತು. ಥರ್ಡ್ ಗೇರಿಗೆ ಇಳಿಸಿ ಪೆಡಲ್ ಪೂರ್ತಿ ಒತ್ತಿ ಮುಂದೆ ಬಂದೆ. ಕಾಲು ತೆಗೆದೆ.

ಎಂಜಿನ್ ಇಳಿಯಲಿಲ್ಲ. ಗಾಡಿ ಎಳೆಯುತ್ತಲೇ ಇದೆ. ಬ್ರೇಕ್ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಕಾಲಿಗೆ ಸಿಕ್ಕಿದ ಆಕ್ಸಿಲರೇಟರ್ ಪೆಡಲ್ ಲಡಲಡ ಅಂತಿತ್ತು. ಬೂಟಿನ ತುದಿಯಿಂದ ಅದನ್ನು ಮೇಲೆತ್ತಿದೆ, ಏನೂ ಆಗಲಿಲ್ಲ. ಕೇಬಲ್ ಎಳೆಯುತ್ತದೆ ಅಷ್ಟೇ, ತಳ್ಳುವುದಿಲ್ಲ. "ಭಾವ, ಕ್ಲಚ್ ಒತ್ತಿ! ಕೀ ತಿರುಗ್ಸಿ!" ಅಂತ ಭಾವಮೈದ ಕೂಗಿದ. ಕ್ಲಚ್ ಒತ್ತಿದ ತಕ್ಷಣ ಎಂಜಿನ್ ಕಿರುಚಿಕೊಂಡಿತು. ಕೀಯನ್ನು ಒಂದು ಹಂತ ಮಾತ್ರ ಹಿಂದಕ್ಕೆ ತಿರುಗಿಸಿದೆ. ನಾಲೆಯ ಅಂಚಿನ ಹುಲ್ಲಿನ ಮೇಲೆ ಎಡಗಡೆ ಚಕ್ರ ನಿಂತಿತು.

ಇಂಥ ಹೊತ್ತಿಗೆ ಎರಡು ಮಾತು ನೆನಪಿರಲಿ. ಕೀಯನ್ನು ಪೂರ್ತಿ ತಿರುಗಿಸಿ ಕೈಗೆ ತೆಗೆದುಕೊಂಡರೆ ಸ್ಟೀರಿಂಗ್ ಲಾಕ್ ಆಗುತ್ತದೆ. ಇನ್ನು ಬ್ರೇಕನ್ನು ನನ್ನ ಹಾಗೆ ಒತ್ತಿ ಬಿಟ್ಟು ಮಾಡಬೇಡಿ. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್ ಗಾಳಿ ಎಳೆಯುವಾಗ ಹುಟ್ಟುವ ವ್ಯಾಕ್ಯೂಮಿನಿಂದ (ನಿರ್ವಾತ) ಕೆಲಸ ಮಾಡುತ್ತದೆ, ತಟ್ಟೆ ಪೂರ್ತಿ ತೆರೆದಿದ್ದಾಗ ಅದು ಹುಟ್ಟುವುದಿಲ್ಲ. ಉಳಿದಿದ್ದು ಒಂದೆರಡು ಸಲಕ್ಕೆ ಖಾಲಿ. ಒಮ್ಮೆ ಬಲವಾಗಿ ಒತ್ತಿ ಹಿಡಿಯಿರಿ.

ಕೈ ನಡುಕ ನಿಂತ ಮೇಲೆ ಬಾನೆಟ್ ಎತ್ತಿದೆವು. ಲಿವರನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ. ಮುಕ್ಕಾಲು ದೂರದವರೆಗೆ ಸ್ಪ್ರಿಂಗ್ ವಾಪಸ್ ಎಳೆಯುತ್ತಿತ್ತು. ಇನ್ನೊಂಚೂರು ತಿರುಗಿಸಿದರೆ ಟಕ್ ಅಂತ ಆ ಕಡೆಗೆ ಬಿತ್ತು. ಹಳೇ ಮನೆಗಳ ಕಪ್ಪು ಸ್ವಿಚ್ಚು ಬೀಳುತ್ತಲ್ಲ, ಥೇಟ್ ಹಾಗೆ. ಸ್ಪ್ರಿಂಗ್ ಎಳೆಯುವ ಗೆರೆ ತಟ್ಟೆ ತಿರುಗುವ ಕಡ್ಡಿಯನ್ನು (ಶಾಫ್ಟ್) ದಾಟಿ ಆ ಬದಿಗೆ ಹೋಗಿತ್ತು. ಮುಚ್ಚಬೇಕಾದ ಸ್ಪ್ರಿಂಗೇ ಈಗ ತೆರೆದು ಹಿಡಿದಿತ್ತು. ಪೆಡಲ್ ಬಗ್ಗಿಸದೆ ಇದ್ದಿದ್ದರೆ ಲಿವರ್ ಅಷ್ಟು ದೂರ ಹೋಗುತ್ತಲೇ ಇರಲಿಲ್ಲ. ಸ್ಪ್ರಿಂಗ್ ಜಾಗ ಬದಲಾಗದಿದ್ದರೆ ಹೋದರೂ ವಾಪಸ್ ಬರುತ್ತಿತ್ತು. ಎರಡೂ ಸೇರಿ ನಮ್ಮನ್ನು ನಾಲೆ ಅಂಚಿಗೆ ತಂದವು.

ಗಾಡಿಯನ್ನು ಎಳೆಸಿಕೊಂಡು ಹೋಗಿ ಮಂಡ್ಯದ ಒಬ್ಬ ಹಿರಿಯ ಮೇಸ್ತ್ರಿಗೆ ತೋರಿಸಿದೆ. ಅವರು ಪಟ್ಟಿ ನೋಡಿ ನಕ್ಕು, ಮೊದಲು ಕೇಬಲ್ ಬಿಚ್ಚಿದರು. ಒಳಗೆ ಎಳೆಗಳು ಹರಿದು ಕವಚಕ್ಕೆ ಕಚ್ಚಿಕೊಳ್ಳುತ್ತಿದ್ದವು. ಹಿಡಿದು ಹಿಡಿದು ಒಮ್ಮೆಗೇ ಬಿಡುತ್ತಿದ್ದ ಕೇಬಲ್ಲೇ ಗಾಡಿಯನ್ನು ಎಗರಿಸುತ್ತಿದ್ದದ್ದು. ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಮೌಂಟಿನ ರಬ್ಬರ್ ಕೂಡ ಸೀಳಿತ್ತು, ಕುಕ್ಕುತ್ತಿದ್ದದ್ದು ಅದಕ್ಕೆ. ಹೊಸ ಕೇಬಲ್, ಹೊಸ ಮೌಂಟ್, ಗುಜರಿಯಿಂದ ತಂದ ಕಂಪನಿ ಲಿವರ್. ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ.

ಅಂದ ಹಾಗೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಮಾರ್ಪಾಡು ಮಾಡುವುದಕ್ಕೆ ತಡೆ ಹಾಕುತ್ತದೆ. ಅಪಘಾತವಾಗಿ ಇನ್ಶೂರೆನ್ಸ್‌ನವರು ಬಾನೆಟ್ ಎತ್ತಿದ್ದರೆ ಆ ಪಟ್ಟಿಗೆ ನಾನು ಏನು ಉತ್ತರ ಕೊಡುತ್ತಿದ್ದೆನೋ.

ಈಗಾಗಲೇ ಇಂಥದ್ದು ಮಾಡಿಸಿದ್ದರೆ ಇವತ್ತೇ ನೋಡಿ. ಎಂಜಿನ್ ಆಫ್ ಇರಲಿ. ಒಬ್ಬರು ಪೆಡಲನ್ನು ನೆಲದವರೆಗೆ ಒತ್ತಿ ಬಿಡಲಿ, ಇನ್ನೊಬ್ಬರು ಲಿವರ್ ನೋಡಲಿ. ಹತ್ತು ಸಲ ಮಾಡಿ. ಮ್ಯಾಟ್ ಅಡ್ಡ ಬರುತ್ತದಾ ಅಂತಲೂ ನೋಡಿ. ಒಂದು ಸಲ ಲಿವರ್ ತಡವರಿಸಿದರೂ ಗಾಡಿ ತೆಗೆಯಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ನನ್ನ ಗಾಡಿ ಈಗಲೂ ಚಳಿಗಾಲದ ಬೆಳಿಗ್ಗೆ ಒಂದು ಸ್ವಲ್ಪ ಕುಕ್ಕುತ್ತದೆ. ಚೋಕ್ ಎಳೆದುಕೊಂಡು ಎರಡು ನಿಮಿಷ ಕಾಯುತ್ತೇನೆ. ಅಮ್ಮ ಎತ್ತಿನ ಗಾಡಿ ಅಂದರೆ ಅನ್ನಲಿ.